ಹೊರಬೀಡಿನ ಬೆಕ್ಕು

ದೇವಿಯರು ಸೀರೆಯ ನೆರಿಗೆ ಎತ್ತಿ ಹಿಡಿದು ಊರಿಂದೂರಿಗೆ ನಡೆದೇ ಹೋಗುತ್ತಿದ್ದ ಕಾಲವದು. ಒಂದು ದಿನ ದ್ಯಾಮವ್ವ ಕಾಡಂಚಿನ ಊರೊಂದಕ್ಕೆ ಬಂದಳಂತೆ. ಬಂದವಳೇ ಮಂದಿಯನ್ನು ಕೂಡಿಸಿ ಹೇಳಿದಳಂತೆ: “ವರ್ಷವೆಲ್ಲ ನಿಮ್ಮ ಮನೆ ಕಾಯುತ್ತೇನೆ. ಹಗಲೊಂದನ್ನು ಮಾತ್ರ ನನಗೆ ಬಿಟ್ಟುಕೊಡಿ. ತಲೆ ಬಿಚ್ಚಿ ಎರೆದುಕೊಂಡು, ನಿಮ್ಮ ಕಟ್ಟೆಗಳ ಮೇಲೆ ಕಾಲು ಚಾಚಿ ಕೂರಬೇಕು ನಾನು. ನೋಡುವ ಕಣ್ಣು ಒಂದೂ ಇರಕೂಡದು.” ಮಂದಿ ಹೂಂ ಅಂದರು. ದನ ಕರು, ನಾಯಿ ಕೋಳಿ, ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಮುದುಕರು, ಎಲ್ಲರನ್ನೂ ಹೊತ್ತುಕೊಂಡು ಸೀಮೆಯ ಆಚೆ ಹೋದರು. ಉಳಿದದ್ದು ಒಂದು ಬೆಕ್ಕು. ಅದು ಆಗಷ್ಟೇ ಮರಿ ಹಾಕಿತ್ತು. ದ್ಯಾಮವ್ವ ತಲೆ ಬಿಚ್ಚಿ ತಿರುಗಿ ನೋಡುತ್ತಾಳೆ, ಅಟ್ಟದ ಮೇಲೆ ಎರಡು ಹಸಿರು ಕಣ್ಣು!

“ಆಮ್ಯಾಲೇನಾತು ಆಯಿ?” ಎಂದು ನೀಲಕ್ಕ ಕೇಳುತ್ತಿದ್ದಳು.

“ಆಮ್ಯಾಲೇನು? ಅಕಿ ಇದನ್ನ ನೋಡಿದ್ಲು, ಇದು ಅಕೀನ್ನ ನೋಡ್ತು. ಇಬ್ಬರೂ ಹೆಂಗಸ್ರು. ಏನ್ ಮಾತಾಡಿಕೊಂಡ್ರೋ ಯಾರ ಕಂಡಾರ?” ಎಂದು ಅಜ್ಜಿ ಕಾಶೆವ್ವ ಎಲೆ ಅಡಿಕೆಯ ಚೀಲ ಬಿಚ್ಚುತ್ತಿದ್ದಳು. ಕಾಶೆವ್ವನ ಕತೆಗಳೆಲ್ಲ ಹೀಗೇ. ಕೇಳುವವರನ್ನು ಹೊಸ್ತಿಲ ತನಕ ಕರೆದೊಯ್ದು ಅಲ್ಲೇ ನಿಲ್ಲಿಸಿಬಿಡುತ್ತಿದ್ದವು.

ತಂದೆ ತಾಯಿ ಇಬ್ಬರನ್ನೂ ಪ್ಲೇಗು ಒಯ್ದ ಮೇಲೆ ನೀಲಕ್ಕ ಬೆಳೆದದ್ದು ಈ ಅಜ್ಜಿಯ ಕತೆಗಳನ್ನು ಉಂಡು. ಮದುವೆಯ ವಯಸ್ಸಿಗೆ ಬಂದರೂ ಕನಸು ಇಳಿದಿರಲಿಲ್ಲ. ರೊಟ್ಟಿ ಬಡಿಯುತ್ತ ಕೂತರೆ ಹಂಚಿನ ಮೇಲಿನದು ಕರಿಕಾಗುವುದು. ಇವಳು ಒಲೆಯ ಬೆಂಕಿಯೊಳಗೆ ಅರಮನೆ ಕಾಣುತ್ತಿರುವಳು. “ನಿನ್ನ ಕೈ ಹಿಡಿಯಾಂವ ಕರಕ ರೊಟ್ಟಿ ಉಂಡು ಕೋಟಿ ಕತಿ ಕೇಳಬೇಕವಾ” ಎಂದು ಓಣಿಯವರು ನಗುತ್ತಿದ್ದರು.

ಹಳಿಯಾಳದಿಂದ ತೇರಗಾಂವದ ಕಡೆಗೆ ಗಾಡಿದಾರಿ ಹಿಡಿದು ಹೋದರೆ, ದಾರಿಯಿಂದ ಕೊಂಚ ಒಳಗೆ ಅವರ ಸಣ್ಣ ಊರು. ಯುದ್ಧಕ್ಕೆಂದು ದಾಂಡೇಲಿಯ ಕಾಡಿನ ಸಾಗವಾನಿ ಹಗಲಿರುಳು ಸಾಗುತ್ತಿದ್ದ, ಚಿಮಣಿ ಎಣ್ಣೆ ಕಣ್ಣಿಗೆ ಕಾಣದಂತಾಗಿದ್ದ ವರ್ಷಗಳು. ಕಾಲ ಎಂಥದೇ ಬರಲಿ, ಹೊರಬೀಡು ಮಾತ್ರ ತಪ್ಪಿದ್ದಿಲ್ಲ. ಬೇಸಿಗೆಗೆ ಮುಂಚೆ ಮೂರು ಮಂಗಳವಾರ ಊರಿಗೆ ಊರೇ ಬೀಗ ಹಾಕಿಕೊಂಡು ಊರಬಾಗಿಲ ಅಗಸಿ ದಾಟಿ ಮಾವಿನ ತೋಪಿಗೆ ಹೋಗುವುದು. ಕೊನೆಯವರು ದಾಟಿದ ಮೇಲೆ ಅಗಸಿಯ ಬಾಯಿಗೆ ಭಂಡಾರದ ಅರಿಶಿನದಿಂದ ಒಂದು ಹಳದಿ ಗೆರೆ. ಅದೇ ಸೀಮೆ. ದೀಪ ಹಚ್ಚುವ ಹೊತ್ತಿನ ತನಕ ಆ ಗೆರೆ ದಾಟಿ ಒಳಗೆ ಹೋಗುವಂತಿಲ್ಲ. ಒಳಗೆ ಒಲೆ ಉರಿಯುವಂತಿಲ್ಲ, ಉಸಿರು ಇರುವಂತಿಲ್ಲ. ಹೊರಡುವ ಮೊದಲು ದ್ಯಾಮವ್ವನ ಗುಡಿಯ ನೆಲಕ್ಕೆ ಸಣ್ಣಗೆ ಬೂದಿ ಜರಡಿ ಹಿಡಿದಿರುತ್ತಾರೆ. ಸಂಜೆ ಬಂದು ನೋಡಿದರೆ ಬೂದಿಯ ಮೇಲೆ ದೇವಿಯ ಕಾಲು ಮೂಡಿರಬೇಕು. ಮೂಡದಿದ್ದರೂ ಚಿಂತೆಯಿಲ್ಲ, ಬೂದಿ ಹಾಗೇ ಇರಬೇಕು.

ಆ ವರ್ಷ ಎರಡನೆಯ ಹೊರಬೀಡಿನ ಸಂಜೆ ಬೂದಿಯ ಮೇಲೆ ಬೆಕ್ಕಿನ ಹೆಜ್ಜೆ ಮೂಡಿತ್ತು.

ಮೊದಲು ಕಂಡವನು ಊರ ಗೌಡ ನಾಗಲಿಂಗಪ್ಪ. ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಹಣೆ ತುಂಬ ವಿಭೂತಿ. ಅವನ ಮಾತು ಮುಗಿಯುವ ತನಕ ನಾಯಿಯೂ ಬೊಗಳದಂಥ ಮನುಷ್ಯ. ಒಬ್ಬನೇ ಮಗ ದಾಂಡೇಲಿಯ ಕಾಡಿನಲ್ಲಿ ದಿಮ್ಮಿ ಉರುಳಿ ಸತ್ತಾಗಲೂ ಕಣ್ಣಲ್ಲಿ ನೀರು ತೆಗೆಯಲಿಲ್ಲವೆಂದು ಮಂದಿ ಹೇಳಿಕೊಳ್ಳುತ್ತಿದ್ದರು. ಆ ಗೌಡ ಬೂದಿ ನೋಡಿ ನಡುಗಿಬಿಟ್ಟ.

“ಊರಾಗ ಉಸಿರು ಉಳದೈತಿ!” ಎಂದು ಕೂಗಿದ. “ಯಾರ ಬೆಕ್ಕಿದು?”

ಗುಡಿಯ ಮುಂದೆ ನೆರೆದ ಮಂದಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಕೂಸುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. ದೇವಿಯ ಮುನಿಸು ಯಾರ ಮನೆಗೆ ಮೊದಲು ಬರುವುದೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಹಿಂದಿನಿಂದ ಒಂದು ದನಿ ಬಂತು: “ಪಟ್ಟಿ ಬೆಕ್ಕಿರಬೇಕ್ರಿ. ಬಿಡಾಡಿ ಬೆಕ್ಕು. ಕಾಶೆವ್ವನ ಮೊಮ್ಮಗಳು ಹಾಲು ಹಾಕ್ತಿರತಾಳ. ಅವರ ಅಟ್ಟದ ಮ್ಯಾಲೆ ಮರೀನೂ ಹಾಕೇತಿ.”

“ಹಂಗಾದ್ರ ನಾಳೆ ಅಟ್ಟಕ್ಕ ಹೊಗಿ ಹಾಕ್ರಿ” ಎಂದ ಗೌಡ. “ತಳವಾರ ಬಡಿಗಿ ಹಿಡದು ಬಾಗಲಾಗ ನಿಂದರ್ಲಿ. ತಾಯಿ ಹೊರಗ ಬಂತಂದ್ರ ಒಂದಽ ಏಟು.”

“ಬೆಕ್ಕು ಕೊಂದ್ರ ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕಂತಾರಲ್ರಿ ಗೌಡ್ರ?” ಎಂದ ತಳವಾರ.

“ಕೊಂದಾಂವ ಕೊಡಬೇಕು. ನಾ ಏನ್ ಕೊಲ್ಲಾಂವೇನು?”

ಒಬ್ಬಿಬ್ಬರು ನಕ್ಕರು. ನೀಲಕ್ಕನಿಗೆ ನಗು ಬರಲಿಲ್ಲ. ಕಣ್ಣು ಬಿಡದ ಆ ಮರಿಗಳು ಹೊಗೆಯಲ್ಲಿ ಬಾಯಿ ತೆರೆಯುವುದು ಅವಳಿಗೆ ಆಗಲೇ ಕಾಣುತ್ತಿತ್ತು. ತಾನು ಮುಂದೆ ಬಂದದ್ದು, ಮಾತಾಡಿದ್ದು ಅವಳಿಗೇ ತಿಳಿಯಲಿಲ್ಲ.

“ಹೊಗಿ ಹಾಕಬ್ಯಾಡ್ರಿ. ಮುಂದಿನ ಹೊರಬೀಡಿಗೆ ನಾ ಹೊರಗ ತರ್ತೇನಿ. ತಾಯಿ, ಮರಿ, ಒಂದೂ ಬಿಡದಂಗ.”

“ಭಂಡಾರ ಮುಟ್ಟಿ ಹೇಳು.”

ದೇವಿಯ ಪಾದದ ಬಳಿಯ ಅರಿಶಿನದ ಪುಡಿಯಲ್ಲಿ ನೀಲಕ್ಕ ಬೆರಳಿಟ್ಟಳು.

“ಮತ್ತ ಬೂದಿ ಮ್ಯಾಲೆ ಹೆಜ್ಜಿ ಕಂಡ್ರ,” ಗೌಡ ಮೆಲ್ಲಗೆ ಹೇಳಿದ, “ಬೆಕ್ಕಿಗೆ ಬಡಿಗಿ. ನಿಮ್ಮ ಮನಿಗೆ ಊರ ಬೆಂಕಿ, ಊರ ನೀರು ಬಂದ್.”

*

ಆಣೆ ಮಾಡುವುದು ಸುಲಭ; ಬೆಕ್ಕು ಹಿಡಿಯುವುದು ಬೇರೆ ಮಾತು. ಮರುದಿನ ನೀಲಕ್ಕ ಅಟ್ಟ ಹತ್ತಿದಳು. ಹುಲ್ಲಿನ ಗುಂಡಿಯಲ್ಲಿ ನಾಲ್ಕು ಮರಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಒಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಅದು ಯಾವುದೋ ಶಾಪ ಬಿದ್ದ ರಾಜಕುಮಾರಿಯಂತೆ ತೋರಿತು. ತೊಲೆಯ ಮೇಲೆ ನಿಂತು ತಾಯಿ ನೋಡುತ್ತಿದ್ದದ್ದನ್ನು ಅವಳು ಕಂಡದ್ದು ಆಮೇಲೆ. ಸಂಜೆಗೆ ಹುಲ್ಲಿನ ಗುಂಡಿ ಬರಿದಾಗಿತ್ತು.

“ಮುಟ್ಟಿದಿ ಹೌದಲ್ಲೋ?” ಕಾಶೆವ್ವ ಹಣೆ ಬಡಿದುಕೊಂಡಳು. “ಮನಶ್ಯಾರ ಕೈ ವಾಸನಿ ಹತ್ತಿದ್ರ ಬೆಕ್ಕು ಆ ಮನ್ಯಾಗ ನಿಂದರಂಗಿಲ್ಲ. ಇನ್ನ ಏಳು ಮನಿ ತಿರುಗತೈತಿ. ನೀನೂ ತಿರುಗು.”

ತಿರುಗಿದಳು. ಮಾರನೆಯ ದಿನ ಬೆಕ್ಕು ಇಮಾಮಸಾಬನ ಮನೆಯಲ್ಲಿತ್ತು. ಇಮಾಮಸಾಬ ಕಂದೀಲು, ಛತ್ರಿ ರಿಪೇರಿ ಮಾಡುವವನು; ಅವನ ಹೆಂಡತಿ ಮೆಹರುನ್ನಿಸಾ ಊರ ಹೆಂಗಸರಿಗೆಲ್ಲ ಚಾಚಿ. ಅವರೂ ಹೊರಬೀಡಿಗೆ ಎಲ್ಲರ ಜತೆ ಗಂಟು ಕಟ್ಟಿಕೊಂಡು ಹೊರಡುವವರೇ. ಒಡೆದ ಕಂದೀಲುಗಳ ರಾಶಿಯ ಹಿಂದೆ ಬೆಕ್ಕು ಮಲಗಿತ್ತು.

“ಮರಿಗೆ ಕೈ ಹಾಕಬ್ಯಾಡ ಬೇಟಿ” ಎಂದಳು ಮೆಹರುನ್ನಿಸಾ, ನೀಲಕ್ಕನ ಕೈ ಹಿಡಿದೆಳೆದು. “ಮರಿ ಹಿಡದ್ರ ತಾಯಿ ಓಡತೈತಿ. ಮೊದಲ ತಾಯಿ, ಹಿಂದಿನಿಂದ ಮರಿ. ನಮ್ಮ ಕೋಳಿ ಬುಟ್ಟಿ ಬೋರಲ ಹಾಕು. ಒಂದು ಕಡ್ಡಿ ಆನಿಸಿ ಬಾಯಿ ಎತ್ತು. ಕಡ್ಡಿಗೆ ದಾರ ಕಟ್ಟಿ ದೂರ ಕುಂದರು. ಒಳಗ ಒಂದು ಮೀನಿನ ತಲಿ.”

“ನಾವು ಮೀನು ಮುಟ್ಟಂಗಿಲ್ಲ ಚಾಚಿ.”

“ನಿನಗ್ಯಾರು ಮುಟ್ಟಂತಾರ? ಬೆಕ್ಕು ಮುಟ್ಟತೈತಿ.”

ಮೆಹರುನ್ನಿಸಾ ತಾನೇ ಮೀನಿನ ತಲೆ ಇಟ್ಟಳು. ನೀಲಕ್ಕ ದಾರದ ತುದಿ ಹಿಡಿದು ಕೂತಳು. ಮಧ್ಯಾಹ್ನದ ಬಿಸಿಲು ಗೋಡೆಯ ಮೇಲೆ ಹಳದಿಯಾಗಿ ಜಾರುತ್ತಿತ್ತು. ಕತೆಯಲ್ಲಿ ದ್ಯಾಮವ್ವನಿಗೆ ಬೆಕ್ಕು ಏನು ಹೇಳಿರಬಹುದು ಎಂದು ಯೋಚಿಸತೊಡಗಿದಳು. ಬೆಕ್ಕು ಹೀಗೆ ಹೇಳಿರಬಹುದು, ದೇವಿ ಹಾಗೆ ಅಂದಿರಬಹುದು... ಎಚ್ಚರವಾದಾಗ ಮೀನಿನ ತಲೆ ಇರಲಿಲ್ಲ. ಬೆಕ್ಕು ಇರಲಿಲ್ಲ. ಬುಟ್ಟಿ ಮಾತ್ರ ಬಾಯಿ ಎತ್ತಿಕೊಂಡು ಇವಳನ್ನು ಅಣಕಿಸುತ್ತಿತ್ತು.

“ಯಾ ಅಲ್ಲಾ!” ಮೆಹರುನ್ನಿಸಾ ಹೊಟ್ಟೆ ಹಿಡಿದು ನಕ್ಕಳು. “ಬೆಕ್ಕು ಉಂಡು ಹೋತು, ನೀ ಕಾವಲ ಕುಂತಿದ್ದಿ!”

ಅಲ್ಲಿಂದ ಬೆಕ್ಕು ಬಣವೆ ಹೊಕ್ಕಿತು, ಗಾಣದ ಮನೆ ಹೊಕ್ಕಿತು, ಬಡಿಗೇರನ ಕಟ್ಟಿಗೆಯ ರಾಶಿ ಹೊಕ್ಕಿತು. ಪ್ರತಿ ಸಲವೂ ನೀಲಕ್ಕ ಹೋಗುವ ಹೊತ್ತಿಗೆ ಬಿಸಿ ಆರದ ಹುಲ್ಲಿನ ಹಾಸಿಗೆಯೊಂದೇ ಕೈಗೆ ಸಿಗುತ್ತಿತ್ತು. ಸೋಮವಾರ ಗೌಡರ ಹಿತ್ತಲ ಗೋಡೆಯ ಮೇಲೆ ಪಟ್ಟೆ ಬಾಲ ಸರಿದು ಹೋದಂತಾಯಿತು. ಓಡಿಹೋಗಿ ಮುಂಬಾಗಿಲು ಬಡಿದಳು. ಗೌಡನ ಹೆಂಡತಿ ಶಿವವ್ವ ಬಾಗಿಲನ್ನು ಮುಖದಷ್ಟೇ ತೆರೆದಳು.

“ಬೆಕ್ಕು ಇಲ್ಲ, ಇಲಿನೂ ಇಲ್ಲ. ಹೋಗವಾ.”

“ಹಿತ್ತಲಾಗ ಒಂದ್ಸಲ ನೋಡ್ತೇನ್ರಿ ಅತ್ತಿ...”

“ಇಲ್ಲಂದ್ನಲ್ಲ!” ಬಾಗಿಲು ಮುಚ್ಚಿತು.

ಶಿವವ್ವ ಮೊದಲು ಹೀಗಿರಲಿಲ್ಲ. ವಿಧವೆ ಸೊಸೆ ಶಂಕ್ರವ್ವನನ್ನು ಶ್ರಾವಣದಲ್ಲಿ ತವರಿಗೆ, ಸೂಪಾಕ್ಕೆ ಕಳಿಸಿದ ಮೇಲೆ ಆ ಮನೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ. ಅಂದಿನಿಂದ ಶಿವವ್ವ ಯಾರನ್ನೂ ಪಡಸಾಲೆಯಿಂದ ಒಳಗೆ ಕರೆದಿರಲಿಲ್ಲ. ಶಂಕ್ರವ್ವನ ಮೇಲೆ ನೀಲಕ್ಕನಿಗೂ ಒಂದು ಸಿಟ್ಟಿತ್ತು. ಇಬ್ಬರೂ ಹಾಡುತ್ತ ಒಂದೇ ಒರಳಲ್ಲಿ ಭತ್ತ ಕುಟ್ಟಿದವರು. ಹೋಗುವಾಗ ‘ಹೋಗಿ ಬರ್ತೇನಿ’ ಎಂಬ ಒಂದು ಮಾತು ಬೇಡವೆ?

*

ಮಂಗಳವಾರ ಬೆಳಗಾಯಿತು. ಬೆಕ್ಕು ಸಿಕ್ಕಿರಲಿಲ್ಲ.

ಓಣಿಯೆಲ್ಲ ಗಾಡಿ ಕಟ್ಟುವ, ದನ ಹೊಡೆಯುವ, ಬೀಗ ಜಗ್ಗಿ ನೋಡುವ ಗದ್ದಲ. ನೀಲಕ್ಕ ಮೆಹರುನ್ನಿಸಾಳ ಕೋಳಿ ಬುಟ್ಟಿಯಲ್ಲಿ ಒಂದು ಕೌದಿ ಸುರುಳಿ ಮಾಡಿ ಇಟ್ಟು, ಮೇಲೆ ಬಟ್ಟೆ ಬಿಗಿದು, ತಲೆಯ ಮೇಲೆ ಹೊತ್ತು ಹೊರಟಳು. ಅಗಸಿಯಲ್ಲಿ ಭಂಡಾರದ ತಟ್ಟೆ ಹಿಡಿದು ಗೌಡ ನಿಂತಿದ್ದ.

“ಬುಟ್ಟ್ಯಾಗ?”

“ಬೆಕ್ಕು ಮರಿ ರೀ.”

“ಬಿಚ್ಚು, ನೋಡೂಣು.”

ನೀಲಕ್ಕ ಬುಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಹಿಂದೆ ನಿಂತಿದ್ದ ಮೆಹರುನ್ನಿಸಾ ಬಾಯಿ ಹಾಕಿದಳು: “ಬಿಚ್ಚಸ್ರಿ ಗೌಡ್ರ, ಬಿಚ್ಚಸ್ರಿ. ಹಾರಿ ಒಳಗ ಓಡ್ತಂದ್ರ ನೀವಽ ಧೋತರ ಎತ್ತಿಕೊಂಡು ಹಿಡದು ತರಬೇಕು ನೋಡ್ರಿ.”

ಮಂದಿ ನಕ್ಕರು. ಗೌಡ ಕೈಬೀಸಿ ದಾಟಿಸಿದ. ಎಲ್ಲರೂ ದಾಟಿದ ಮೇಲೆ ಹಳದಿ ಗೆರೆ ಎಳೆದರು.

ತೋಪಿನಲ್ಲಿ ಒಲೆಗಳು ಹೊತ್ತಿದವು. ಕಾಶೆವ್ವ ಬುಟ್ಟಿಯ ಬಟ್ಟೆ ಸರಿಸಿ ನೋಡಿದಳು. ಕೌದಿ ಕಂಡಿತು. ಮುದುಕಿಯ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು.

“ಭಂಡಾರ ಮುಟ್ಟಿದ ಕೈ ಅದು, ನೀಲಾ!”

“ಸುಮ್ಕಿರು ಆಯಿ. ಗೌಡರ ಹಿತ್ತಲಾಗ ಐತಿ. ನಾ ಹೋಗಿ ತರ್ತೇನಿ.”

“ಒಳಗ ಹೋದಾವರು ರಕ್ತ ಕಾರತಾರ.”

“ನಿನ್ನ ಕತಿಯೊಳಗ ಬೆಕ್ಕು ರಕ್ತ ಕಾರಲಿಲ್ಲಲ್ಲ?”

ಕಾಶೆವ್ವ ಅವಳ ಸೆರಗು ಹಿಡಿಯಲು ಕೈ ಚಾಚಿದಳು. ಅಷ್ಟರಲ್ಲಿ ನೀಲಕ್ಕ ಕೊಡ ಎತ್ತಿಕೊಂಡು, ನೀರಿಗೆ ಹೋಗುವವಳಂತೆ ಕೆರೆಯ ಕಡೆ ನಡೆದಿದ್ದಳು. ಏರಿಯ ಮರೆಗೆ ಕೊಡ ಇಟ್ಟು, ಕಳ್ಳಿಯ ಬೇಲಿ ನುಸುಳಿ ಊರು ಹೊಕ್ಕಳು.

ಹುಟ್ಟಿದಾಗಿನಿಂದ ಓಡಾಡಿದ ಓಣಿ ಅದು. ಅದರ ಗುರುತೇ ಹತ್ತಲಿಲ್ಲ. ಯಾವ ಮಾಡಿನಿಂದಲೂ ಹೊಗೆಯಿಲ್ಲ. ಗುಬ್ಬಿಯ ಚಿಲಿಪಿಲಿಯೂ ದೊಡ್ಡದಾಗಿ ಕೇಳುತ್ತಿತ್ತು. ಬೀಗ ಬಿದ್ದ ಬಾಗಿಲುಗಳು ಕಣ್ಣು ಮುಚ್ಚಿಕೊಂಡ ಮುಖಗಳಂತೆ ಸಾಲಾಗಿ ನಿಂತಿದ್ದವು. ಒಂದೊಂದು ತಿರುವಿನಲ್ಲೂ ಅವಳಿಗೆ ದ್ಯಾಮವ್ವನದೇ ಎಣಿಕೆ. ಈಗ ಆ ಕಟ್ಟೆಯ ಮೇಲೆ ಕೂತಿರುತ್ತಾಳೆ, ಕಾಲು ಚಾಚಿ, ತಲೆ ಬಿಚ್ಚಿ. ನೋಡಬಾರದು. ನೋಡದೆ ಇರುವುದು ಹೇಗೆ? ತನ್ನ ಹೆಜ್ಜೆಯ ಸಪ್ಪಳಕ್ಕೆ ತಾನೇ ಎರಡು ಸಲ ಹಿಂತಿರುಗಿ ನೋಡಿದಳು.

ಗೌಡರ ಹಿತ್ತಲ ಗೋಡೆ ಹತ್ತಿ ಇಳಿದಾಗ ಕೇಳಿಸಿತು. ಮಿಯಾಂವ್. ತೀರ ಸಣ್ಣ ದನಿ. ಮನೆಯ ಒಳಗಿನಿಂದ.

ಬಚ್ಚಲಿಗೆ ಬರಿಯ ತಟ್ಟಿಯ ಬಾಗಿಲು. ಸರಿಸಿ ಒಳಹೊಕ್ಕಳು. ಬಚ್ಚಲು ದಾಟಿದರೆ ಅಡುಗೆಮನೆ, ಅಡುಗೆಮನೆ ದಾಟಿದರೆ ಕತ್ತಲೆಯ ನಡುಮನೆ. ದನಿ ಬರುತ್ತಿದ್ದದ್ದು ಮೂಲೆಯ ಕೋಣೆಯಿಂದ. ಗೌಡರ ಮಗ ಹುಟ್ಟಿದ್ದು ಅದೇ ಬಾಣಂತಿ ಕೋಣೆಯಲ್ಲಿ ಎಂದು ಅಜ್ಜಿ ಹೇಳಿದ್ದಳು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಬೆಕ್ಕು ಒಳಗೆ ಹೇಗೆ ಹೋಯಿತು ಎಂದು ನೋಡಿದರೆ, ಹೊಸ್ತಿಲ ಪಕ್ಕದಲ್ಲಿ ನೀರು ಹೋಗುವ ಕಿಂಡಿ. ಮೆಹರುನ್ನಿಸಾಳ ಮಾತು ನೆನಪಾಯಿತು: ಮೊದಲು ತಾಯಿ. ಚಿಲಕ ಸದ್ದಾಗದಂತೆ ಸರಿಸಿ ಬಾಗಿಲು ನೂಕಿದಳು.

ಕತ್ತಲೆ. ನೆಲದ ಮೇಲೆ ಎರಡು ಹಸಿರು ಕಣ್ಣು.

ಆ ಕಣ್ಣುಗಳ ಮೇಲೆ, ಒಂದು ಮೊಳ ಎತ್ತರದಲ್ಲಿ, ಇನ್ನೆರಡು ಕಣ್ಣು. ಅದರ ಸುತ್ತ ಬಿಚ್ಚಿ ಹರವಿದ ತಲೆಗೂದಲು.

ನೀಲಕ್ಕ ಅಲ್ಲೇ ಅಡ್ಡಬಿದ್ದಳು. ಹಣೆ ಮಣ್ಣಿಗೆ ಹತ್ತಿತು. “ತಪ್ಪಾತು ತಾಯಿ... ನೋಡಿಲ್ಲ... ನಾ ಏನೂ ನೋಡಿಲ್ಲ...”

“ನೀಲಾ,” ಎಂದಳು ದೇವಿ. “ಬಾಗಲಾ ಮುಂದಕ ಮಾಡು. ಬೆಕ್ಕು ಹೆದರತೈತಿ.”

ಆ ದನಿ ಒರಳಿನ ಹಾಡಿನದು.

ತಲೆಯೆತ್ತಿದಳು. ಕತ್ತಲೆ ನಿಧಾನವಾಗಿ ಬಿಡಿಸಿಕೊಂಡಿತು. ಗೋಡೆಗೆ ಒರಗಿ ಕೂತವಳು ಶಂಕ್ರವ್ವ. ಮುಖ ಬಿಳಿಚಿ ಸುಣ್ಣವಾಗಿತ್ತು. ಬಳೆಯಿಲ್ಲದ ಬರಿಗೈ. ತೊಡೆಗೆ ಒತ್ತಿಕೊಂಡು ಪಟ್ಟೆ ಬೆಕ್ಕು, ಅದರ ಮಡಿಲಲ್ಲಿ ನಾಲ್ಕು ಮರಿ. ಅದರ ಮೇಲೆ ಶಂಕ್ರವ್ವನ ಹೊಟ್ಟೆ. ದಿನ ತುಂಬಿದ ಹೊಟ್ಟೆ.

“ನೀ... ಸೂಪಾದಾಗ...”

“ನನಗೂ ಹಂಗಽ ಅಂದ್ರು. ಗಂಟು ಕಟ್ಟಿಕೊಂಡು ಕುಂದ್ರು, ಬೆಳಿಗ್ಗೆ ಗಾಡಿ ಹೂಡತೇವಿ ಅಂದ್ರು. ಕುಂತೇನಿ.” ಶಂಕ್ರವ್ವ ತುಸು ನಕ್ಕಳು. “ಇನ್ನೂ ಹೂಡಿಲ್ಲ.”

ನೀಲಕ್ಕನ ಕಣ್ಣು ಆ ಹೊಟ್ಟೆಯ ಮೇಲಿಂದ ಸರಿಯಲಿಲ್ಲ. ಗಂಡ ಸತ್ತು ಎರಡು ವರ್ಷ ಕಳೆದಿದ್ದವು. ಶಂಕ್ರವ್ವ ತಾನೇ ಹೇಳಿದಳು:

“ಯಾರದಂತ ಕೇಳಬ್ಯಾಡವಾ. ಈ ಮನ್ಯಾಗ ಗಂಡಸ್ರು ಎಷ್ಟ ಮಂದಿ ಅದಾರ ಅನ್ನೂದು ಊರಿಗೇ ಗೊತ್ತು.”

ಒಬ್ಬನೇ. ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಹಣೆ ತುಂಬ ವಿಭೂತಿ. ಬೂದಿಯ ಮೇಲಿನ ಹೆಜ್ಜೆ ಕಂಡು ‘ಊರಾಗ ಉಸಿರು ಉಳದೈತಿ’ ಎಂದು ನಡುಗಿದವನು. ಅವನು ನಡುಗಿದ್ದು ಬೆಕ್ಕಿಗಾಗಿ ಇರಲಿಲ್ಲ ಎಂಬುದು ಈಗ ನೀಲಕ್ಕನ ಮೈಯೊಳಗೆ ತಣ್ಣೀರಿನಂತೆ ಇಳಿಯಿತು. ಹೋದ ಎರಡೂ ಹೊರಬೀಡಿನಲ್ಲಿ ಇವಳನ್ನು ಇಲ್ಲೇ ಕೂಡಿಹಾಕಿ, ಹೊರಗೆ ಬಂದು, ಭಂಡಾರದ ತಟ್ಟೆ ಹಿಡಿದಿದ್ದ.

ಮೂಲೆಯಲ್ಲಿ ಒಂದು ಬಿದಿರಿನ ಹೆಡಿಗೆ. ಅದರ ತುಂಬ ಹಿಂಜಿದ ಹತ್ತಿ, ಬಿಳಿ ಮೋಡದಂತೆ.

“ಬತ್ತಿ ಹೊಸ್ಯಾಕೇನು?” ಏನಾದರೂ ಮಾತಾಡಬೇಕೆಂದು ನೀಲಕ್ಕ ಕೇಳಿದಳು.

“ಅತ್ತಿ ಹಿಂಜಿ ಇಟ್ಟಾಳ. ಹೊರಗಿನ ಊರಿಂದ ಸೂಲಗಿತ್ತಿ ಬರತಾಳಂತ. ಕೂಸು ಅತ್ತಂದ್ರ ಓಣಿಗೆ ಕೇಳತೈತಿ. ಅಳೂ ಮುಂಚೆ ಬಾಯಾಗ ತುರಕಾಕ.” ಶಂಕ್ರವ್ವ ಬೆಕ್ಕಿನ ತಲೆ ಸವರಿದಳು. “ಇದು ಮೊನ್ನೆ ಮರಿ ಕಚಗೊಂಡು ಬಂತು ನೋಡು. ಇದರ ಮರಿಗೆ ಯಾರೋ ಕೈ ಹಚ್ಚಿರಬೇಕು, ಮನಿಮನಿ ತಿರುಗೇತಿ. ನಾ ಹತ್ತಿ ನೋಡಿಕೋತ ಕುಂತೇನಿ.”

ನೀಲಕ್ಕ ಎದ್ದಳು. ಹೆಡಿಗೆ ಎತ್ತಿ ಹತ್ತಿಯನ್ನೆಲ್ಲ ನೆಲಕ್ಕೆ ಸುರಿದಳು.

“ನಡಿ.”

“ಎಲ್ಲಿಗೆ?”

“ಸೀಮಿ ಆಚೆ.”

“ಹುಚ್ಚೇನು? ಊರ ಮಂದಿ ಎಲ್ಲಾ ಅಲ್ಲೇ ಅದಾರ!”

“ಅದಕ್ಕಽ. ಇವತ್ತು ಎಲ್ಲಾರೂ ಅದಾರ. ನಾಳೆ ಮತ್ತ ಎಲ್ಲಾರ ಮನಿ ಬಾಗಲಾ ಹಾಕಿರತಾವು.”

“ನೀ ಬೆಕ್ಕು ಒಯ್ಯಿ. ನನ್ನ ಬಿಡು.”

ನೀಲಕ್ಕ ಬೆಕ್ಕಿಗೆ ಕೈ ಚಾಚಿದಳು. ಅದು ಉಸ್ ಎಂದು ಉಗುರು ಬೀಸಿತು. ಮುಂಗೈಯ ಮೇಲೆ ಕೆಂಪು ಗೆರೆ ಮೂಡಿತು. ಮತ್ತೊಮ್ಮೆ ಚಾಚಿದಳು. ಮತ್ತೊಂದು ಗೆರೆ. ರಕ್ತ ಹನಿಯುವ ಕೈ ಹಿಡಿದುಕೊಂಡು ಅವಳು ಅಲ್ಲೇ ಅಳತೊಡಗಿದಳು. “ನನಗ ಬರಂಗಿಲ್ಲದು. ಭಂಡಾರ ಮುಟ್ಟಿ ಹೇಳೇನಿ. ಸಂಜಿಕೆ ಬಡಿಗಿಲೆ ಕೊಲ್ಲತಾರ ಶಂಕ್ರಾ. ಒಂದೂ ಬಿಡದಂಗ ತರ್ತೇನಿ ಅಂದೇನಿ.”

ಶಂಕ್ರವ್ವ ಆ ಕೈ ನೋಡಿದಳು. ಆಮೇಲೆ ಅವಳು ಗೋಡೆ ಹಿಡಿದು ಎದ್ದು ನಿಂತಳು. ಬಾಗಿ, ಬೆಕ್ಕಿನ ಕುತ್ತಿಗೆಯ ಹಿಂದಿನ ಸಡಿಲ ತೊಗಲು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಹೊಟ್ಟೆಯ ಕೆಳಗೆ ಕೊಟ್ಟು ಎತ್ತಿದಳು. ತನ್ನ ಪಾಲಿನ ಅನ್ನ ಹಾಕಿದ ಕೈ ಅದು. ಬೆಕ್ಕು ಮೈ ಸಡಿಲ ಬಿಟ್ಟಿತು. ಹೆಡಿಗೆಯೊಳಗೆ ಇಳಿಸಿ ಹಳೆ ಸೀರೆ ಮುಚ್ಚಿದಳು. ಒಂದೊಂದೇ ಮರಿಯನ್ನು ಸೀರೆಯ ಸಂದಿನಿಂದ ಒಳಗೆ ಬಿಟ್ಟು, ಸುತ್ತ ಬಿಗಿದು ಗಂಟು ಹಾಕಿದಳು. ಗಂಟು ಹಾಕಿದ ಮೇಲೆ ಹತ್ತಿಯ ರಾಶಿಯಲ್ಲಿ ಮಿಯಾಂವ್ ಎಂದಿತು, ಬಿಟ್ಟುಹೋದ ನಾಲ್ಕನೆಯದು.

“ಈಗ ಬಿಚ್ಚಿದ್ರ ತಾಯಿ ಹಾರತೈತಿ,” ಎಂದು ಶಂಕ್ರವ್ವ ಆ ಮರಿಯನ್ನು ತನ್ನ ಉಡಿಯೊಳಗೆ, ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಳು. “ಹೂಂ. ನಡಿ.”

*

ಹಿತ್ತಲ ಬಾಗಿಲ ಅಗಳಿಯನ್ನು ಒಳಗಿನಿಂದ ತೆಗೆದು ಹೊರಬಿದ್ದರು. ಶ್ರಾವಣದಿಂದ ಬಿಸಿಲು ಕಾಣದ ಕಣ್ಣು.  ಶಂಕ್ರವ್ವ ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ನೀಲಕ್ಕನ ಭುಜ ಹಿಡಿದು ನಡೆದಳು. ಹೆಡಿಗೆ ನೀಲಕ್ಕನ ತಲೆಯ ಮೇಲಿತ್ತು. ಕಳ್ಳಿಯ ಬೇಲಿ ನುಸುಳುವಂಥ ಮೈಯಲ್ಲ ಶಂಕ್ರವ್ವನದು. ಅಗಸಿಯಿಂದಲೇ ಹೋಗಬೇಕು.

ತೋಪಿನಲ್ಲಿ ಪಂಕ್ತಿ ಕೂತಿತ್ತು. ಮೊದಲು ಕಂಡವರು ಯಾರೋ, ತುತ್ತು ಬಾಯಿಯ ಹತ್ತಿರ ಒಯ್ದ ಕೈ ಹಾಗೇ ನಿಂತಿತು. ಆ ಪಕ್ಕದವರು ತಿರುಗಿದರು. ನಡುಹಗಲಿನ ನಿರ್ಜನ ಊರಿನಿಂದ, ಬಿಚ್ಚಿದ ತಲೆಯ ಬಿಳಿ ಮುಖದ ಹೆಂಗಸೊಬ್ಬಳು ಅಗಸಿಯತ್ತ ನಡೆದು ಬರುತ್ತಿದ್ದಳು. “ದ್ಯಾಮವ್ವ!” ಎಂದು ಒಬ್ಬಳು ಚೀರಿದಳು. ಗಂಡಸರು ಕೈಮುಗಿದು ಎದ್ದರು. ಕೂಸುಗಳು ಅತ್ತವು. ಶಿವವ್ವನ ಕೈಯ ಸಾರಿನ ಗಿಂಡಿ ನೆಲಕ್ಕೆ ಬಿದ್ದು ಉರುಳಿತು. ಅವಳೊಬ್ಬಳು ಕೈಮುಗಿಯಲಿಲ್ಲ.

ಗೌಡ ಧೋತರ ಎತ್ತಿಕೊಂಡು ಗೆರೆಯ ತನಕ ಓಡಿ ಬಂದ. ಶಂಕ್ರವ್ವನ ಕಡೆ ನೋಡಲೇ ಇಲ್ಲ.

“ಸೀಮಿ ಮುರದೀ ನೀ!” ಎಂದು ನೀಲಕ್ಕನ ಮೇಲೆ ಗುಡುಗಿದ. “ಒಳಗ ಹೆಂಗ ಹೋದಿ?”

“ಊರಾಗ ಉಸಿರು ಉಳದಿತ್ರಿ ಗೌಡ್ರ,” ಎಂದಳು ನೀಲಕ್ಕ. “ಹೊರಗ ತಂದೇನಿ.”

ಗೌಡ ಈಗ ದನಿ ಬದಲಿಸಿದ. ಮಂದಿಗೆಲ್ಲ ಕೇಳುವಂತೆ, “ಏ ಶಂಕ್ರವ್ವಾ, ಸೂಪಾದಿಂದ ಯಾವಾಗ ಬಂದಿ ನೀ?” ಎಂದ.

“ನೀವು ಚಿಲಕ ಹಾಕಿದಾಗಿಂದ ಎಲ್ಲಿಗೂ ಹೋಗಿಲ್ರಿ ಮಾವಾರ.”

ಹೆಂಗಸರ ಗುಂಪಿನಲ್ಲಿ ಗಾಳಿ ನುಗ್ಗಿದಂತೆ ಒಂದು ಸದ್ದಾಯಿತು.

“ತಳವಾರ!” ಗೌಡನ ಕುತ್ತಿಗೆಯ ನರ ಉಬ್ಬಿತು. “ಹುಚ್ಚು ಹಿಡದೈತಿ ಇಕಿಗೆ. ಒಳಗ ಒಯ್ದು ಕೂಡಿಹಾಕು!”

ತಳವಾರ ಬಡಿಗೆ ಹಿಡಿದು ಗೆರೆಯ ತನಕ ಬಂದ. ಹಳದಿ ಗೆರೆಯನ್ನು ನೋಡಿದ. ಗೌಡನನ್ನು ನೋಡಿದ. ಬಡಿಗೆಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ. “ಒಳಗ ಹೆಂಗ ಹೋಗಲ್ರಿ? ಸೀಮಿ ಕಟ್ಟೇತಲ್ಲ.”

ನೀಲಕ್ಕ ಗೆರೆ ದಾಟಿದಳು. ಅವಳ ಹಿಂದೆ ಶಂಕ್ರವ್ವ ಒಂದು ಕಾಲಿಟ್ಟಳು, ತಡೆದಳು, ಇನ್ನೊಂದು ಕಾಲನ್ನೂ ಇಟ್ಟಳು. ಗೌಡ ಅಡ್ಡ ಬರಲಿದ್ದ; ಅಷ್ಟರಲ್ಲಿ ಕಾಶೆವ್ವ ಕೋಲೂರಿಕೊಂಡು ನಡುವೆ ಬಂದು ನಿಂತಿದ್ದಳು. ಮೆಹರುನ್ನಿಸಾ ಓಡಿ ಬಂದು ತನ್ನ ಚಾದರವನ್ನು ಮಣ್ಣಿನ ಮೇಲೆ ಹಾಸಿದಳು. ಶಂಕ್ರವ್ವ ಅದರ ಮೇಲೆ ಕೂತಳು. ಏದುಸಿರು ಬಿಡುತ್ತಿದ್ದಳು.

ಉಬ್ಬಿದ ಉಡಿ ನೋಡಿ ಮುದುಕಿಯೊಬ್ಬಳು ಪಿಸುಗುಟ್ಟಿದಳು: “ಉಡಿ ತುಂಬ ಬೆಕ್ಕಿನ ಮರಿ ತಂದಾಳವಾ.” ಆ ಮಾತಿಗೆ ಎಷ್ಟೋ ಮಂದಿ ಜೋತುಬಿದ್ದರು. ಹೌದು, ಮರಿಗಳೇ ಇರಬೇಕು. ಮರಿಗಳೇ ಆಗಿರಲಿ.

ಶಂಕ್ರವ್ವ ಸೀರೆಯ ಮಡಿಕೆಯೊಳಗೆ ಕೈ ಹಾಕಿದಳು. ಅಂಗೈಯಷ್ಟು ಮರಿಯೊಂದನ್ನು ತೆಗೆದು ಬಿಸಿಲಿಗೆ ಹಿಡಿದಳು. ಅದು ಬಾಯಿ ತೆರೆಯಿತು. ಉಡಿ ಬರಿದಾಯಿತು. ಹೊಟ್ಟೆ ಹಾಗೆಯೇ ಇತ್ತು.

ಮಂದಿಯ ಕಣ್ಣು ಆ ಹೊಟ್ಟೆಯಿಂದ ಶಿವವ್ವನ ಕಡೆಗೆ ಹೋಯಿತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಕುಸಿದಿದ್ದಳು. ಅಲ್ಲಿಂದ ಎಲ್ಲರ ಕಣ್ಣು ಗೌಡನ ಕಡೆಗೆ ತಿರುಗಿ, ಅಲ್ಲೇ ನಿಂತಿತು. ಅವನ ಬಾಯಿ ಏನೋ ಹೇಳಲು ತೆರೆದಿತ್ತು. ಅವನ ಮಾತಿಗಾಗಿ ಯಾರೂ ಕಾಯುತ್ತಿರಲಿಲ್ಲ.

ನೀಲಕ್ಕ ಹೆಡಿಗೆ ಇಳಿಸಿ ಚಾದರದ ಅಂಚಿಗೆ ಇಟ್ಟಳು. ಗಾಯವಾದ ಕೈಯಿಂದ ಗಂಟನ್ನು ಒಂದು ಬೆರಳಿನಷ್ಟು ಸಡಿಲಿಸಿದಳು. ಶಂಕ್ರವ್ವನ ಅಂಗೈಯಿಂದ ಮರಿಯನ್ನು ತೆಗೆದುಕೊಂಡು ಒಳಗೆ ಜಾರಿಸಿದಳು. ಕತ್ತಲಲ್ಲಿ ತಾಯಿ ಅದನ್ನು ಮೂಸಿ, ನೆಕ್ಕಿ, ಹೊಟ್ಟೆಯ ಕೆಳಗೆ ಎಳೆದುಕೊಂಡಿತು. ನೀಲಕ್ಕ ಸಂದಿನಲ್ಲಿ ಕಣ್ಣಿಟ್ಟು ಎಣಿಸಿದಳು. ತಾಯಿ, ಮರಿ, ಎಲ್ಲ ಇದ್ದವು, ಸೀಮೆಯ ಆಚೆ, ಒಂದೂ ಬಿಡದ ಹಾಗೆ.